ನಿಂತ ಸಾಲು, ನಿಲ್ಲಿಸಿದ ಸಾಲು

ಮೊನ್ನೆ ರಜೆಗೆ ಬಂದಿದ್ದ ಅಕ್ಕನ ಮಗ ಲ್ಯಾಪ್‌ಟಾಪ್ ತಂದು ನನ್ನ ಎದುರಿಗಿಟ್ಟ. "ಮಾವ, ಇದೆಂತ ಹೀಗೆ? ಒಂದೇ ಸಾಲು ಓಡಿಕೊಂಡೇ ಹೋಗ್ತಾ ಉಂಟು. ಓದಬೇಕಾದರೆ ಬಲಗಡೆಗೆ ಎಳೀತಾ ಇರಬೇಕು." ನೋಟ್‌ಪ್ಯಾಡಿನಲ್ಲಿ ಯಾವುದೋ ಪಾಠದ ಟಿಪ್ಪಣಿ ಇತ್ತು. ಮೆನುವಿನಲ್ಲಿ ವರ್ಡ್ ರ್ಯಾಪ್ ಅಂತ ಇರುವಲ್ಲಿ ಒಂದು ಟಿಕ್ ಹಾಕಿದೆ. ಸಾಲುಗಳೆಲ್ಲ ಪರದೆಯ ಅಗಲಕ್ಕೆ ತಕ್ಕ ಹಾಗೆ ಮಡಚಿಕೊಂಡು ಕೂತವು. "ಇಷ್ಟೆಯಾ?" ಅಂತ ಹೇಳಿ ಹೋದ.

ಇಷ್ಟೆ. ಆದರೆ ಆ ಒಂದು ಟಿಕ್‌ನ ಹಿಂದೆ ಇರುವ ಪ್ರಶ್ನೆಯನ್ನು ನಾನು ಒಮ್ಮೆ ಯೋಚಿಸದೆ ಬಿಟ್ಟಿದ್ದರಿಂದ ಆದ ನಷ್ಟ ಇವತ್ತಿಗೂ ಸರಿಯಾಗಿಲ್ಲ. ಪ್ರಶ್ನೆ ಇದು: ಒಂದು ಸಾಲು ಎಲ್ಲಿ ಮುಗಿಯಬೇಕು ಎಂದು ತೀರ್ಮಾನಿಸುವವರು ಯಾರು? ಬರೆದವರಾ, ಓದುವವರಾ, ಅಥವಾ ನಡುವೆ ಇರುವ ಕಾಗದವೋ ಪರದೆಯೋ?

ಎಡಿಟರುಗಳು ಸಾಲನ್ನು ಮಡಚುವುದು ಎರಡು ರೀತಿಯಲ್ಲಿ. ಒಂದು, ಕಣ್ಣಿಗೆ ಮಾತ್ರ ಮಡಚಿ ತೋರಿಸುವುದು. ಕಡತದ ಒಳಗೆ ಸಾಲು ಉದ್ದಕ್ಕೇ ಇರುತ್ತದೆ. ಕಿಟಕಿ ದೊಡ್ಡದು ಮಾಡಿದರೆ ಬಿಚ್ಚಿಕೊಳ್ಳುತ್ತದೆ, ಚಿಕ್ಕದು ಮಾಡಿದರೆ ಮತ್ತೆ ಮಡಚಿಕೊಳ್ಳುತ್ತದೆ. ಇದು ಸಾಫ್ಟ್ ರ್ಯಾಪ್. ಇನ್ನೊಂದು, ಇಂತಿಷ್ಟು ಅಕ್ಷರ ಆದ ಕೂಡಲೇ ಎಡಿಟರೇ ಒಂದು ಎಂಟರ್ ಒತ್ತಿ ಹೊಸ ಸಾಲು ಶುರು ಮಾಡುವುದು. ಆ ಎಂಟರ್ ಕಡತದೊಳಗೆ ನಿಜವಾಗಿ ಸೇರಿಕೊಳ್ಳುತ್ತದೆ. ಇದು ಹಾರ್ಡ್ ರ್ಯಾಪ್. ವಿಮ್ ಬಳಸುವವರಿಗೆ ಗೊತ್ತಿರುತ್ತದೆ, ಅಲ್ಲಿ 'ರ್ಯಾಪ್' ಎಂಬ ಸೆಟ್ಟಿಂಗ್ ಬೇರೆ, 'ಟೆಕ್ಸ್ಟ್‌ವಿಡ್ತ್' ಬೇರೆ. ಮೊದಲನೆಯದು ತೋರಿಕೆ, ಎರಡನೆಯದು ಬರಹಕ್ಕೇ ಕೈ ಹಾಕುವಂಥದ್ದು. ಇಮ್ಯಾಕ್ಸ್‌ನಲ್ಲಿ 'ವಿಷುವಲ್ ಲೈನ್' ಮತ್ತು 'ಆಟೋ ಫಿಲ್' ಎಂಬ ಎರಡು ಸೌಲಭ್ಯಗಳ ನಡುವೆ ಇರುವುದೂ ಇದೇ ವ್ಯತ್ಯಾಸ. ಪರದೆಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ತೊಂದರೆ ಶುರುವಾಗುವುದು ಅಲ್ಲಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಮಾಸ್ಟ್ರು ಒಂದು ಪೆನ್‌ಡ್ರೈವ್ ಕೊಟ್ಟರು. ನರಿಕೊಂಬಿನಲ್ಲಿ ನನಗೆ ಅಕ್ಷರ ಕಲಿಸಿದವರು. ರಿಟೈರ್ ಆದ ಮೇಲೆ ಊರಿನ ನೆನಪುಗಳನ್ನು ಕೂತು ಟೈಪ್ ಮಾಡಿದ್ದರು. ಹೊಳೆಬದಿಯ ಊರಲ್ಲವಾ, ಅರ್ಧಕ್ಕರ್ಧ ನೇತ್ರಾವತಿಯದ್ದೇ ಕಥೆ. ನಮ್ಮ ಕಡೆ ಹಳಬರಿಗೆ ವರ್ಷಗಳನ್ನು ನೆನಪಿಡುವ ಕ್ರಮವೇ ಬೊಳ್ಳದ ಲೆಕ್ಕದಲ್ಲಿ. ತುಳುವಿನಲ್ಲಿ ಬೊಳ್ಳ ಅಂದರೆ ನೆರೆ. 1923ರ ಬೊಳ್ಳವನ್ನು ಅಜ್ಜಂದಿರು ಹೇಳುತ್ತಿದ್ದರು, 1974ರದ್ದನ್ನು ಕಂಡವರು ಈಗಲೂ ಇದ್ದಾರೆ. ಮಾಸ್ಟ್ರ ಬರಹದಲ್ಲಿ 1974ರದ್ದಕ್ಕೆ ಒಂದು ಅಧ್ಯಾಯವೇ ಇತ್ತು. ಪುಸ್ತಕ ಮಾಡಿ ನೂರು ಪ್ರತಿ ಹಾಕಿಸಿ ಊರಿನವರಿಗೆ ಹಂಚಬೇಕು ಅಂತ ಆಸೆ. "ಸ್ವಲ್ಪ ಸರಿ ಮಾಡಿ ಕೊಡು ಮಾರಾಯ, ನಿನಗೆ ಇದೆಲ್ಲ ಗೊತ್ತುಂಟಲ್ಲ," ಅಂದರು.

ನುಡಿಯ ಹಳೆಯ ಫಾಂಟಿನಲ್ಲಿದ್ದ ಬರಹವನ್ನು ಯುನಿಕೋಡಿಗೆ ಬದಲಿಸಿದೆ. ತೆರೆದು ನೋಡುವಾಗ ಪ್ರತಿ ಸಾಲಿನ ಕೊನೆಗೂ ಎಂಟರ್! ಮಾಸ್ಟ್ರು ಎಳವೆಯಲ್ಲಿ ಟೈಪ್‌ರೈಟಿಂಗ್ ಕ್ಲಾಸಿಗೆ ಹೋದವರು. ಟೈಪ್‌ರೈಟರಿನಲ್ಲಿ ಬಲಬದಿಯ ಅಂಚು ಹತ್ತಿರ ಬಂದಾಗ ಗಂಟೆ ಹೊಡೆಯುತ್ತದೆ, ಆಗ ಹಿಡಿಕೆ ಎಳೆದು ಕ್ಯಾರೇಜನ್ನು ವಾಪಸು ತರಬೇಕು. ಕಂಪ್ಯೂಟರಿನಲ್ಲಿ ಗಂಟೆ ಇಲ್ಲದಿದ್ದರೂ ಅವರ ಕೈಗೆ ಗಂಟೆ ಕೇಳುತ್ತಿತ್ತು ಅಂತ ಕಾಣುತ್ತದೆ. ಪ್ರತಿ ಸಾಲಿಗೂ ಒಂದು ಎಂಟರ್ ಒತ್ತಿದ್ದರು. ಹಾಗೇ ಪುಟ ಮಾಡಿದರೆ ಅರ್ಧ ಸಾಲು, ಪೂರ್ತಿ ಸಾಲು, ಅರ್ಧ ಸಾಲು ಅಂತ ಹರಕು ಚಾಪೆಯ ಹಾಗೆ ಕಾಣುತ್ತಿತ್ತು.

ನನಗೆ ಇದು ಹೊಸದಲ್ಲ. ಐದು ಸಾಲಿನ ಒಂದು ಪ್ರೋಗ್ರಾಂ ಬರೆದೆ. ಒಂದೇ ಎಂಟರ್ ಇದ್ದರೆ ಅಳಿಸಿ ಅಲ್ಲಿ ಖಾಲಿ ಜಾಗ ಇಡು. ನಡುವೆ ಖಾಲಿ ಸಾಲು ಇದ್ದರೆ ಅದು ಪ್ಯಾರಾ, ಬಿಟ್ಟುಬಿಡು. ಎಲ್ಲರೂ ಮಾಡುವುದು ಹೀಗೇ. ಒಂದು ಸೆಕೆಂಡಿನ ಕೆಲಸ. ಬರಹ ಎಷ್ಟು ಚೊಕ್ಕ ಆಯಿತೆಂದರೆ ನನಗೇ ಖುಷಿಯಾಗಿ ಅದೇ ಪೆನ್‌ಡ್ರೈವಿಗೆ, ಅದೇ ಹೆಸರಿನಲ್ಲಿ, ಹಳೆಯದರ ಮೇಲೇ ಸೇವ್ ಮಾಡಿ ಕೊಟ್ಟೆ. ಮಾಸ್ಟ್ರ ಮನೆಯ ಕಂಪ್ಯೂಟರು ಅಷ್ಟೊತ್ತಿಗೆ ಕೆಟ್ಟು ಗುಜರಿಗೆ ಹೋಗಿತ್ತು. ಇದ್ದದ್ದು ಪೆನ್‌ಡ್ರೈವ್ ಒಂದೇ.

ನಾಲ್ಕು ದಿನ ಬಿಟ್ಟು ಫೋನು ಬಂತು. "ಎಲ್ಲ ಒಳ್ಳೇದಾಗಿದೆ. ಆದರೆ ಮನೆಗಳು ಎಲ್ಲಿ ಹೋದವು?"

"ಯಾವ ಮನೆಗಳು ಸರ್?"

"ಬೊಳ್ಳದಲ್ಲಿ ಹೋದ ಮನೆಗಳು. ಒಂದು ಮನೆಗೆ ಒಂದು ಸಾಲು ಬರೆದಿದ್ದೆ. ಈಗ ನೋಡಿದರೆ ಎಲ್ಲರೂ ಒಟ್ಟಿಗೆ ಸಂತೆಗೆ ಹೊರಟ ಹಾಗೆ ಉಂಟು."

ಕಡತ ತೆರೆದು ನೋಡಿದೆ. 1974ರ ಅಧ್ಯಾಯದ ಕೊನೆಗೆ, ನೀರು ಇಳಿದ ಮೇಲೆ ಬೈಲಿಗೆ ಮರಳಿ ಬಾರದೆ ಬೇರೆ ಕಡೆ ನೆಲೆಯಾದವರ ಹೆಸರುಗಳನ್ನು ಮಾಸ್ಟ್ರು ಪಟ್ಟಿ ಮಾಡಿದ್ದರು. ಒಂದು ಮನೆಯಲ್ಲಿ ಇದ್ದವರೆಲ್ಲ ಒಂದು ಸಾಲಿನಲ್ಲಿ, ಎಂಟರ್, ಮುಂದಿನ ಮನೆ. ಅಂಕಿ ಇಲ್ಲ, ಅಲ್ಪವಿರಾಮ ಇಲ್ಲ, ಚುಕ್ಕಿ ಇಲ್ಲ. ನನ್ನ ಪ್ರೋಗ್ರಾಂ ಅದನ್ನೂ ಹಿಡಿದು ಒಂದು ಪ್ಯಾರಾ ಮಾಡಿ ಇಟ್ಟಿತ್ತು. ಹೆಸರಿನ ಹಿಂದೆ ಹೆಸರು, ಹೆಸರಿನ ಹಿಂದೆ ಹೆಸರು. ಎಲ್ಲಿ ಒಂದು ಮನೆ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದಕ್ಕೆ ಗುರುತೇ ಇಲ್ಲ.

"ಅಂಕಿ ಹಾಕಬಹುದಿತ್ತಲ್ಲ ಸರ್," ಅಂದೆ. ತಪ್ಪು ಮಾಡಿದವನು ಮೊದಲು ಹುಡುಕುವುದು ಬೇರೆಯವರ ತಪ್ಪನ್ನು.

"ಮನೆಗೆ ನಂಬರು ಹಾಕುವುದು ಪಂಚಾಯತಿನವರ ಕೆಲಸ ಅಲ್ಲವಾ," ಅಂದರು. ಸಿಟ್ಟು ಇರಲಿಲ್ಲ ಅವರ ಸ್ವರದಲ್ಲಿ. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಸರಿ, ಮತ್ತೆ ಬಿಡಿಸಿದರಾಯಿತು ಎಂದುಕೊಂಡೆ. ಅವರ ಜಗಲಿಯಲ್ಲಿ ಕೂತು ಇಬ್ಬರೂ ಶುರು ಮಾಡಿದೆವು. ಹೆಚ್ಚಿನವು ಮಾಸ್ಟ್ರಿಗೆ ನೆನಪಿತ್ತು. ಆದರೆ ಒಂದೆರಡು ಕಡೆ ಸಿಕ್ಕಿಹಾಕಿಕೊಂಡೆವು. ಆ ಹೆಸರುಗಳು ಅವರಿಗೆ ನೇರವಾಗಿ ಗೊತ್ತಿದ್ದವಲ್ಲ. ಹೊಳೆಬದಿಯಲ್ಲಿ ಇದ್ದ ಒಬ್ಬರು ಅಜ್ಜಿ ಹೇಳುತ್ತಾ ಹೋದದ್ದನ್ನು ಅವರು ಅಲ್ಲೇ ಬರೆದುಕೊಂಡು, ಆಮೇಲೆ ಟೈಪ್ ಮಾಡಿ ಚೀಟಿ ಬಿಸಾಡಿದ್ದರು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡಸರ ಎರಡು ಹೆಸರುಗಳು ಪಕ್ಕಪಕ್ಕ ಇವೆ. ಒಂದೇ ಮನೆಯ ಅಣ್ಣ ತಮ್ಮನಾ? ಅಥವಾ ಬೇರೆ ಬೇರೆ ಎರಡು ಮನೆಯ ಯಜಮಾನರಾ? ಎರಡು ಮೂರು ಕಡೆ ವಿಚಾರಿಸಿದೆವು. ಹೇಳುವವರು ಸಿಗಲಿಲ್ಲ. ಒಂದು ಮನೆ ಇತ್ತೋ ಇಲ್ಲವೋ ಎಂಬುದು ನನ್ನ ಒಂದು ಸೆಕೆಂಡಿನ ಕೆಲಸದಿಂದಾಗಿ ಗೊತ್ತಿಲ್ಲದ ಸಂಗತಿಯಾಯಿತು.

ಅಂದಿನಿಂದ ಈ ಎಂಟರ್ ಕೀ ನನ್ನ ತಲೆಯಲ್ಲಿ ಕೂತಿದೆ.

ಮೊದಲು ಯೋಚಿಸಿದ್ದು ನಾನು ಮಾಡಿದ್ದು ಏನು ಎಂದು. ಮಾಸ್ಟ್ರ ಎಂಟರ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅವರದ್ದಲ್ಲ, ಟೈಪ್‌ರೈಟರಿನದ್ದು. ಕಾಗದದ ಅಗಲ ಅವರ ಕೈಗೆ ಇಳಿದು, ಕೈಯಿಂದ ಬರಹಕ್ಕೆ ಇಳಿದದ್ದು. ಅದನ್ನು ತೆಗೆದದ್ದು ಸರಿಯೇ. ಉಳಿದ ಕೆಲವು ಅವರದ್ದೇ. ಅದರಲ್ಲಿ ಅರ್ಥ ಇತ್ತು. ನಾನು ಎರಡನ್ನೂ ಒಂದೇ ಎಂದು ತಿಳಿದೆ, ಯಾಕೆಂದರೆ ಕಡತದ ಒಳಗೆ ಎರಡಕ್ಕೂ ಇರುವುದು ಒಂದೇ ಗುರುತು.

ಇದು ನನ್ನೊಬ್ಬನ ಅಥವಾ ಮಾಸ್ಟ್ರೊಬ್ಬರ ಸಮಸ್ಯೆ ಅಲ್ಲ. ಸಲಕರಣೆಯ ಅಗಲ ಬರಹದ ಒಳಗೆ ಹೊಕ್ಕು ಕೂತುಕೊಳ್ಳುವುದು ಹಳೇ ಕಥೆ. ಕಂಪ್ಯೂಟರಿನವರು ಇವತ್ತಿಗೂ ಒಂದು ಸಾಲಿಗೆ 80 ಅಕ್ಷರ ಎನ್ನುತ್ತಾರಲ್ಲ, ಅದರ ಬೇರು 1928ರಲ್ಲಿ ಐಬಿಎಂ ತಂದ ತೂತು ಹೊಡೆಯುವ ಕಾರ್ಡಿನಲ್ಲಿದೆ. ಅದರಲ್ಲಿ 80 ಕಂಬಸಾಲು ಇದ್ದವು. ಕಾರ್ಡು ಹೋಯಿತು, ಪರದೆ ಬಂತು, 80 ಉಳಿಯಿತು. ಇಮೇಲಿನ ನಿಯಮಗಳಲ್ಲೂ ಒಂದು ಸಾಲು 78 ಅಕ್ಷರದೊಳಗೆ ಇದ್ದರೆ ಒಳ್ಳೆಯದು, 998 ಮೀರಲೇಬಾರದು ಎಂದಿದೆ. ಕನ್ನಡದ ಮಟ್ಟಿಗೆ ಈ ಲೆಕ್ಕವೇ ಸರಿಯಾಗಿ ಕೂರುವುದಿಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತ, ಯುಟಿಎಫ್-8ರಲ್ಲಿ ಉಳಿಸಿದರೆ ಹದಿನೆಂಟು ಬೈಟ್. ಬೈಟ್ ಲೆಕ್ಕ ಮಾಡುವ ಹಳೆಯ ಸಲಕರಣೆಗೆ ಕನ್ನಡ ಕೊಟ್ಟರೆ ಇಂಗ್ಲಿಷಿಗಿಂತ ಎಷ್ಟೋ ಮೊದಲೇ ಸಾಲು ತುಂಬಿತು ಎನ್ನುತ್ತದೆ, ಕೆಲವೊಮ್ಮೆ ಅಕ್ಷರದ ಹೊಟ್ಟೆಯಲ್ಲೇ ಕತ್ತರಿಸುತ್ತದೆ. ಯಾರದೋ ಅಗಲಕ್ಕೆ ಹೊಲಿದ ಅಂಗಿ.

ಹಾಗಾದರೆ ಎಂಟರ್ ಇಲ್ಲದ ಕಾಲದಲ್ಲಿ ಹೇಗಿತ್ತು? ನಮ್ಮಿಂದ ದೂರ ಹೋಗಬೇಕಾಗಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಇಂಥ ಯಾವ ತಾಳೆಗರಿಯನ್ನು ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಜಾಗ ಉಳಿಸುವ ಹಟ. ಪದ ಪದಗಳ ನಡುವೆ ತೆರಪಿಲ್ಲ. ಗರಿ ಮುಗಿಯುವಲ್ಲಿ ಸಾಲು ಮುಗಿಯುತ್ತದೆ, ಪದದ ನಡುವೆಯಾದರೂ ಸರಿ. ದಾರ ಪೋಣಿಸುವ ತೂತು ಬಂದರೆ ಅದನ್ನು ಬಳಸಿ ಮುಂದೆ ಹೋಗುತ್ತದೆ. ಪದ್ಯವನ್ನೂ ಗದ್ಯದ ಹಾಗೆ ಒಂದೇ ಸಮನೆ ಬರೆದುಬಿಡುತ್ತಿದ್ದರು.

ಆದರೂ ಪದ್ಯ ಕಳೆದುಹೋಗಲಿಲ್ಲ. ಯಾಕೆಂದರೆ ಪದ್ಯದ ಸಾಲು ಎಲ್ಲಿ ಮುಗಿಯುತ್ತದೆ ಎಂಬುದು ಗರಿಯ ಅಗಲದಲ್ಲಿ ಇರಲಿಲ್ಲ, ಪದ್ಯದ ಒಳಗೇ ಇತ್ತು. ಕಂದ, ವೃತ್ತಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸನಿಯಮ ಇದೆ, ಮಾತ್ರೆ, ಗಣಗಳ ಲೆಕ್ಕ ಇದೆ. ಬಲ್ಲವರು ಓದಿಕೊಂಡು ಹೋದರೆ ಇಲ್ಲಿ ಸಾಲು ಮುಗಿಯಿತು ಎಂದು ಕಿವಿ ಹೇಳುತ್ತದೆ. ಗರಿ ಎಲ್ಲಿ ಮುರಿದರೂ, ನಾಳೆ ಇನ್ನೊಬ್ಬ ಲಿಪಿಕಾರ ಬೇರೆ ಅಗಲದ ಗರಿಗೆ ನಕಲು ಮಾಡಿದರೂ, ಪದ್ಯ ತನ್ನ ಸಾಲುಗಳನ್ನು ತನ್ನೊಟ್ಟಿಗೇ ಒಯ್ಯುತ್ತದೆ. ನಮ್ಮ ಜಿಲ್ಲೆಯವರೇ ಆದ ಸೇಡಿಯಾಪು ಕೃಷ್ಣ ಭಟ್ಟರು ಬದುಕಿನ ದೊಡ್ಡ ಭಾಗವನ್ನು ಛಂದಸ್ಸಿಗೆ ಕೊಟ್ಟವರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ತಯಾರಿಸಿದ ತಂತ್ರಾಂಶಕ್ಕೆ ಸೇಡಿಯಾಪು ಎಂದೇ ಹೆಸರಿಟ್ಟರು. ಸಾಲಿನ ನಡೆಯನ್ನು ಅಳೆದವರ ಹೆಸರು ಕನ್ನಡ ಟೈಪ್ ಮಾಡುವ ತಂತ್ರಾಂಶಕ್ಕೆ ಬಂದದ್ದು ನನಗೆ ತುಂಬಾ ಸರಿ ಎನಿಸುತ್ತದೆ.

ಮಾಸ್ಟ್ರ ಪಟ್ಟಿಗೆ ಪ್ರಾಸ ಇರಲಿಲ್ಲ, ಗಣ ಇರಲಿಲ್ಲ. ಬೈಲು ಬಿಟ್ಟವರ ಹೆಸರಿಗೆ ಎಂಥ ಪ್ರಾಸ? ಅವರ ಮನೆಯ ಗೋಡೆಯನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಎಂಟರ್.

ಹಾಗಾದರೆ ಆ ಎಂಟರನ್ನು ನಾನು ಗುರುತಿಸುವುದು ಸಾಧ್ಯವಿತ್ತಾ? ಇತ್ತು. ಇದನ್ನು ನಾನು ಕಂಡುಕೊಂಡದ್ದು ಕೆಲಸ ಕೆಟ್ಟ ಮೇಲೆ. ಉಪಾಯ ಬಹಳ ಸಸಾರ. ಒಂದು ಸಾಲು ಎಲ್ಲಿ ಮುಗಿದಿದೆ ನೋಡಿ. ಮುಂದಿನ ಸಾಲಿನ ಮೊದಲ ಪದವನ್ನು ಎತ್ತಿ ಈ ಸಾಲಿನ ಕೊನೆಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಜಾಗ ಇಲ್ಲದೆ ಸಾಲು ಅಲ್ಲಿ ನಿಂತದ್ದು. ಸೇರಿಸಬಹುದು. ಹಿಡಿಸುತ್ತದೆ ಎಂದಾದರೆ, ಜಾಗ ಇದ್ದೂ ಬರೆದವರು ಅಲ್ಲಿ ನಿಲ್ಲಿಸಿದ್ದಾರೆ. ಅದನ್ನು ಮುಟ್ಟಬಾರದು.

ಜಾಗ ಇಲ್ಲದೆ ನಿಂತದ್ದು, ಜಾಗ ಇದ್ದೂ ನಿಲ್ಲಿಸಿದ್ದು. ಇಷ್ಟೇ ವ್ಯತ್ಯಾಸ. ಮಾಸ್ಟ್ರ ಪಟ್ಟಿಯ ಸಾಲುಗಳು ಗಿಡ್ಡ ಗಿಡ್ಡ ಇದ್ದವು, ಎರಡು ಹೆಸರು, ಮೂರು ಹೆಸರು, ಅಷ್ಟೆ. ಇನ್ನೂ ನಾಲ್ಕು ಹೆಸರು ಹಿಡಿಸುವಷ್ಟು ಜಾಗ ಬಿಟ್ಟು ಅವರು ಎಂಟರ್ ಒತ್ತಿದ್ದರು. ಕಣ್ಣು ಬಿಟ್ಟು ನೋಡಿದ್ದರೆ ನನಗೂ ಕಾಣುತ್ತಿತ್ತು.

ಈ ನಿಯಮ ಬಳಸುವುದಕ್ಕೆ ಮೊದಲು ಇನ್ನೊಂದು ಕೆಲಸ ಉಂಟು: ಪುಟದ ಅಗಲ ಎಷ್ಟು ಎಂದು ತಿಳಿಯುವುದು. ಅದು ನನ್ನ ಪರದೆಯ ಅಗಲ ಆಗಬಾರದು, ಬರೆದವರ ಅಗಲ ಆಗಬೇಕು. ನನ್ನ ಪರದೆಯಲ್ಲಿ 120 ಅಕ್ಷರ ಹಿಡಿಸಬಹುದು. ಅದರಿಂದ ಅಳೆದರೆ ಮಾಸ್ಟ್ರ ಎಲ್ಲ ಸಾಲುಗಳೂ ಬೇಕೆಂದೇ ನಿಲ್ಲಿಸಿದ ಹಾಗೆ ಕಾಣುತ್ತವೆ. ಅವರ ಅಗಲ ತಿಳಿಯಬೇಕಾದರೆ ಅವರದೇ ಬೇರೆ ಸಾಲುಗಳನ್ನು ನೋಡಬೇಕು, ತುಂಬಿದ ಸಾಲುಗಳು ಎಲ್ಲಿಯವರೆಗೆ ಹೋಗಿವೆ ಎಂದು.

ಇಷ್ಟು ಬರೆದ ಮೇಲೆ ಎಡಿಟರಿನ ಆಚೆಗೂ ಇದನ್ನು ಇಟ್ಟು ನೋಡದೆ ಇರಲಾಗುವುದಿಲ್ಲ. ನಾವು ದಿನಬೆಳಗಾದರೆ ಇನ್ನೊಬ್ಬರ ಬದುಕಿನ ಸಾಲುಗಳನ್ನು ಓದುತ್ತಿರುತ್ತೇವಲ್ಲ.

ನನ್ನ ಜೊತೆ ಏಳನೆಯವರೆಗೆ ಓದಿದ ಒಬ್ಬಳಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ಏಳಕ್ಕೆ ನಿಲ್ಲಿಸಿದಳು. ನಾವೆಲ್ಲ ಹೇಳಿದ್ದು, "ಅವಳಿಗೆ ಮುಂದೆ ಓದುವ ಮನಸ್ಸಿರಲಿಲ್ಲ." 'ನಿಲ್ಲಿಸಿದಳು' ಎಂದೇ ಹೇಳಿದೆವು, ಅವಳೇ ಎಂಟರ್ ಒತ್ತಿದ ಹಾಗೆ. ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದಳು. ಮಾತು ಶಾಲೆಗೆ ತಿರುಗಿತು. "ಅಮ್ಮನಿಗೆ ಕಣ್ಣು ಕಾಣದೆ ಆಗಿತ್ತಲ್ಲ, ಬೀಡಿಯ ಲೆಕ್ಕ ತುಂಬಿಸಬೇಕಿತ್ತು. ನಾನು ಕಟ್ಟದಿದ್ದರೆ ತಮ್ಮಂದಿರ ಊಟ ಹೇಗೆ?" ಎಂದಳು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಹುಡುಗಿಯರನ್ನು ನಾವು ಬಂಟ್ವಾಳದ ಕಡೆಯವರು ಎಷ್ಟು ಮನೆಗಳಲ್ಲಿ ಕಂಡಿಲ್ಲ! ಅವಳ ಪುಟ ಅಷ್ಟೇ ಅಗಲ ಇತ್ತು. ಮುಂದಿನ ಪದಕ್ಕೆ ಜಾಗ ಇರಲಿಲ್ಲ. ಸಾಲು ನಿಂತದ್ದು. ನಾವು ಅದನ್ನು ಅವಳ ಸ್ವಭಾವ ಎಂದು ಓದಿದೆವು.

ಇದಕ್ಕೆ ತಿರುವುಮುರುವು ನಮ್ಮ ಮಾಸ್ಟ್ರೇ. ಹೆಡ್‌ಮಾಸ್ಟ್ರಾಗಿ ಬೇರೆ ಊರಿಗೆ ಹೋಗಲಿಕ್ಕೆ ಅವಕಾಶ ಬಂದಿತ್ತು. ಬೇಡ ಎಂದರು. ತರಗತಿ ಬಿಟ್ಟು ಕಡತ ನೋಡುವುದು ತನಗೆ ಬೇಡ ಎಂದು ತಿಳಿದೇ ಹೇಳಿದ್ದು. ಊರಿನವರು ಅಂದದ್ದು, "ಪಾಪ, ಮೇಲೆ ಬರಲಿಕ್ಕೆ ಆಗಲಿಲ್ಲ." ಕೆಲವರು ಒಳ್ಳೆಯ ಮನಸ್ಸಿನಿಂದಲೇ ಅವರ ಪರವಾಗಿ ಯಾರ್ಯಾರನ್ನೋ ಕಂಡು ಮಾತಾಡಿ ಬಂದರಂತೆ. ಜಾಗ ಇದ್ದೂ ನಿಲ್ಲಿಸಿದ ಸಾಲನ್ನು ಎಳೆದು ಮುಂದಿನ ಸಾಲಿಗೆ ಸೇರಿಸುವ ಪ್ರಯತ್ನ. ನಾನು ಅವರ ಕಡತಕ್ಕೆ ಮಾಡಿದ್ದೂ ಅದನ್ನೇ.

ಎರಡೂ ತಪ್ಪೇ. ಮೊದಲನೆಯದರಲ್ಲಿ ನಾವು ಕೈ ಚಾಚಬೇಕಾದಲ್ಲಿ ಚಾಚುವುದಿಲ್ಲ, "ಅವರ ಇಷ್ಟ" ಎಂದು ಬಿಟ್ಟುಬಿಡುತ್ತೇವೆ. ಎರಡನೆಯದರಲ್ಲಿ ಕೈ ಹಾಕಬಾರದಲ್ಲಿ ಹಾಕುತ್ತೇವೆ. ಮೊದಲನೆಯದು ಗೌರವದ ವೇಷದಲ್ಲಿ ಬರುತ್ತದೆ, ಎರಡನೆಯದು ಉಪಕಾರದ ವೇಷದಲ್ಲಿ. ಹಾಗಾಗಿ ಮಾಡುವವನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂದು ಅನಿಸುವುದೇ ಇಲ್ಲ. ನನಗೂ ಅನಿಸಿರಲಿಲ್ಲ. ಖುಷಿಯಾಗಿತ್ತು ಎಂದೆನಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಒಬ್ಬರಿಗೆ ಜಾಗ ಇತ್ತೋ ಇಲ್ಲವೋ ಎಂದು ತೀರ್ಮಾನಿಸಲು ನೀನು ಯಾರು? ಸರಿಯಾದ ಆಕ್ಷೇಪ. ಬಡವರೆಲ್ಲ ಜಾಗ ಇಲ್ಲದೆ ನಿಂತವರು, ಉಳ್ಳವರೆಲ್ಲ ತಿಳಿದು ನಿಲ್ಲಿಸಿದವರು ಎಂದು ಹೊರಗಿನಿಂದ ಬರೆದುಬಿಟ್ಟರೆ ಅದೂ ನನ್ನ ಐದು ಸಾಲಿನ ಪ್ರೋಗ್ರಾಮಿನಷ್ಟೇ ಒರಟು. ಬಡವರೂ ತಿಳಿದು ನಿಲ್ಲಿಸುತ್ತಾರೆ. ಸಂಬಳ ಚೆನ್ನಾಗಿರುವವರೂ ಮನೆಯವರ ಮಾತಿಗೆ ಜಾಗವಿಲ್ಲದೆ ನಿಲ್ಲುತ್ತಾರೆ. ಅದಕ್ಕೇ ಅಗಲ ಅಳೆಯುವುದು ಮೊದಲು ಎಂದದ್ದು. ಅವರದೇ ಉಳಿದ ಸಾಲುಗಳನ್ನು ಓದದೆ ಒಂದು ಸಾಲಿನ ಕೊನೆಯ ಬಗ್ಗೆ ಮಾತಾಡಬಾರದು. ಆ ಮದುವೆಯಲ್ಲಿ ಅವಳು ಹತ್ತು ನಿಮಿಷ ಮಾತಾಡಿದ ಮೇಲೆಯೇ ನನಗೆ ಅವಳ ಪುಟದ ಅಗಲ ಗೊತ್ತಾದದ್ದು. ಅಲ್ಲಿಯವರೆಗೆ ನಾನು ಅಳೆದದ್ದು ನನ್ನ ಪುಟದಿಂದ.

ಇನ್ನೊಂದು ಆಕ್ಷೇಪ ಎಡಿಟರಿನವರದ್ದು. ಇಷ್ಟೆಲ್ಲ ತೊಂದರೆ ಯಾಕೆ, ಸಾಫ್ಟ್ ರ್ಯಾಪ್ ಒಂದೇ ಸಾಕಲ್ಲ, ಪ್ಯಾರಾ ಮುಗಿಯುವವರೆಗೆ ಎಂಟರ್ ಒತ್ತಲೇಬೇಡಿ ಎಂದು. ಹೆಚ್ಚಿನ ಬರಹಕ್ಕೆ ಇದು ಸರಿ. ನನ್ನ ಸಾಲು ನಿಮ್ಮ ಮೊಬೈಲಿನಲ್ಲಿ ಎಲ್ಲಿ ಮಡಚಬೇಕು ಎಂದು ನಾನು ತೀರ್ಮಾನಿಸುವುದು ಅಧಿಕಪ್ರಸಂಗ. ಓದುವವರ ಕಣ್ಣು ಓದುವವರದ್ದು. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ವಯಸ್ಸಾದವರಿಗೆ ಹಾರ್ಡ್ ರ್ಯಾಪ್ ಮಾಡಿದ ಬರಹ ಎಷ್ಟು ಹಿಂಸೆ ಎಂದು ಅವರನ್ನೇ ಕೇಳಬೇಕು. ಆದರೆ ಪಟ್ಟಿ, ವಿಳಾಸ, ಪದ್ಯ, ಮದುವೆ ಕಾಗದ, ಇವುಗಳಲ್ಲಿ ಸಾಲು ಮುರಿಯುವುದೇ ಮಾತು. ಅಲ್ಲಿ ಎಂಟರ್ ಒತ್ತಲೇಬೇಕು, ತಿಳಿದು ಒತ್ತಬೇಕು.

ಗದ್ಯದಲ್ಲೂ ತಿಳಿದು ಒತ್ತುವ ಒಂದು ಕ್ರಮ ಇದೆ. ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಹನ್ 1974ರಲ್ಲಿ ಯುನಿಕ್ಸ್ ಕಲಿಯುವವರಿಗಾಗಿ ಬರೆದ ಪಾಠದಲ್ಲಿ, ಪ್ರತಿ ವಾಕ್ಯವನ್ನು ಹೊಸ ಸಾಲಿನಲ್ಲಿ ಶುರು ಮಾಡಿ, ಸಾಲುಗಳನ್ನು ಸಹಜವಾಗಿ ನಿಲ್ಲುವ ಕಡೆ ಮುರಿಯಿರಿ ಎಂಬ ಅರ್ಥದ ಸಲಹೆ ಕೊಟ್ಟರು. ಅಚ್ಚಿಗೆ ಹೋಗುವಾಗ ಯಂತ್ರ ಸೇರಿಸಿಕೊಳ್ಳುತ್ತದೆ, ತಿದ್ದುವವನಿಗೆ ಮಾತ್ರ ಅರ್ಥದ ತುಂಡುಗಳು ಬೇರೆ ಬೇರೆಯಾಗಿ ಸಿಗುತ್ತವೆ. ಅದೇ ವರ್ಷ ಇಲ್ಲಿ ನೇತ್ರಾವತಿಯ ಬದಿಯ ಮನೆಗಳು ನೀರಿಗೆ ಹೋದವು. ಅವರ ಸಲಹೆಗೂ ನಮ್ಮ ಬೊಳ್ಳಕ್ಕೂ ಸಂಬಂಧ ಇಲ್ಲ. ಆದರೆ ಆ ಮನೆಗಳನ್ನು ಬರೆಯುವಾಗ ಮಾಸ್ಟ್ರು ಅನುಸರಿಸಿದ್ದು ಅಂಥದ್ದೇ ಕ್ರಮವನ್ನು, ಯಾರೂ ಹೇಳಿಕೊಡದೆ.

ಇಮೇಲಿನವರೂ ಇದಕ್ಕೆ ಒಂದು ದಾರಿ ಮಾಡಿದರು. ಯಂತ್ರ ಮುರಿದ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಡುವುದು. ಮನುಷ್ಯ ಮುರಿದ ಸಾಲಿಗೆ ಬಿಡದಿರುವುದು. ಆಚೆ ಬದಿಯ ಯಂತ್ರ ಖಾಲಿ ಜಾಗ ಕಂಡಲ್ಲಿ ಸೇರಿಸಿಕೊಳ್ಳುತ್ತದೆ, ಕಾಣದಲ್ಲಿ ಕೈ ಹಾಕುವುದಿಲ್ಲ. ಆ ಖಾಲಿ ಜಾಗ ಕಣ್ಣಿಗೆ ಕಾಣುವುದೂ ಇಲ್ಲ. "ಇದು ನಾನು ಮಾಡಿದ್ದಲ್ಲ, ಜಾಗ ಮುಗಿಯಿತು ಅಷ್ಟೆ" ಎಂದು ಹೇಳುವ ಒಂದು ಗುರುತು. ಮನುಷ್ಯರಿಗೂ ಹೀಗೊಂದು ಗುರುತು ಇದ್ದಿದ್ದರೆ ಎಷ್ಟೋ ಜನರನ್ನು ನಾವು ತಪ್ಪಾಗಿ ಓದುತ್ತಿರಲಿಲ್ಲ. ಇಲ್ಲದ ಕಾರಣ ಕೇಳಬೇಕಾಗುತ್ತದೆ.

ನನ್ನ ನಿಯಮ ಸೋಲುವುದೂ ಅಲ್ಲೇ. ಕೆಲವೊಮ್ಮೆ ಬರೆದವರು ನಿಲ್ಲಿಸಬೇಕೆಂದ ಜಾಗವೂ ಪುಟದ ಅಂಚೂ ಒಂದೇ ಕಡೆ ಬರುತ್ತವೆ. ಆಗ ಅಗಲ ಅಳೆದು ಏನೂ ತಿಳಿಯುವುದಿಲ್ಲ. ಮಾಸ್ಟ್ರ ಪಟ್ಟಿಯಲ್ಲಿ ಆ ಎರಡು ಗಂಡಸರ ಹೆಸರು ಇದ್ದದ್ದು ಅತ್ಯಂತ ಉದ್ದದ ಸಾಲಿನ ಹತ್ತಿರ, ತುಂಬಾ ಮಕ್ಕಳಿದ್ದ ಮನೆಯ ಪಕ್ಕ. ಮೂಲ ಉಳಿದಿದ್ದರೂ ಅದು ಮನೆ ಬದಲಾದ ಗುರುತೋ ಗಂಟೆ ಹೊಡೆದ ಗುರುತೋ ಎಂದು ಸಂಶಯ ಇರುತ್ತಿತ್ತೋ ಏನೋ. ಆದರೆ ಮೂಲ ಇದ್ದಿದ್ದರೆ ಸಂಶಯ ಮಾಸ್ಟ್ರದ್ದಾಗಿರುತ್ತಿತ್ತು. ಈಗ ಅದು ನನ್ನದು.

ಪುಸ್ತಕ ಅಚ್ಚಾಯಿತು. ಪಟ್ಟಿಯಲ್ಲಿ ಒಂದು ಮನೆಗೆ ಒಂದು ಸಾಲು. ಆ ಎರಡು ಹೆಸರುಗಳನ್ನು ಒಂದೇ ಸಾಲಿನಲ್ಲಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ, ಇವರು ಒಂದೇ ಮನೆಯವರೋ ಬೇರೆಯೋ ತಿಳಿಯದು ಎಂದು ಹಾಕಿಸಿದೆವು. ನನ್ನ ಕೈತಪ್ಪಿನಿಂದ ಹೀಗಾಯಿತು ಎಂದೂ ಸೇರಿಸಿ ಕೊಟ್ಟಿದ್ದೆ. ಮಾಸ್ಟ್ರು ಪೆನ್ನಿನಿಂದ ಹೊಡೆದುಹಾಕಿದರು. "ಅಲ್ಲಿ ನಿನ್ನ ಸುದ್ದಿ ಯಾಕೆ? ಅದು ಅವರ ಪುಟ ಅಲ್ಲವಾ," ಅಂದರು. ಹಾಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ.

ಆ ಪ್ರೋಗ್ರಾಂ ಈಗಲೂ ನನ್ನ ಹತ್ತಿರ ಉಂಟು, ಸ್ವಲ್ಪ ಉದ್ದವಾಗಿದೆ. ಮೊದಲು ಮೂಲದ ಒಂದು ನಕಲು ತೆಗೆದು ಬೇರೆ ಹೆಸರಿನಲ್ಲಿ ಇಡುತ್ತದೆ. ಆಮೇಲೆ ಆ ಕಡತದ್ದೇ ಅಗಲ ಅಳೆಯುತ್ತದೆ, ಸಂಕೇತ ಎಣಿಸದೆ ಅಕ್ಷರ ಎಣಿಸಿ. ಜಾಗ ಇಲ್ಲದೆ ನಿಂತ ಸಾಲುಗಳನ್ನು ಸೇರಿಸುತ್ತದೆ. ಜಾಗ ಇದ್ದೂ ನಿಲ್ಲಿಸಿದ್ದನ್ನು ಹಾಗೇ ಬಿಡುತ್ತದೆ. ಯಾವುದೆಂದು ಗೊತ್ತಾಗದ ಸಾಲುಗಳನ್ನು ಮುಟ್ಟದೆ, ಅವುಗಳ ಒಂದು ಪಟ್ಟಿ ಮಾಡಿ ಕೊಡುತ್ತದೆ. ಆ ಪಟ್ಟಿ ಹಿಡಿದುಕೊಂಡು ನಾನು ಬರೆದವರ ಮನೆಗೆ ಹೋಗುತ್ತೇನೆ. ಅವರು ಇರುವಾಗಲೇ.